ಕುದುರೆಗಳ ಲಾಯ ಬದಲಿಸುವ ಮುನ್ನ: ಮೈಸೂರು–ಮಂಡ್ಯ ಸುತ್ತಿನ ಆಯ್ಕೆಗಳ ಹೋಲಿಕೆ

ಮೈಸೂರಿನಲ್ಲಿ ಸ್ವಂತ ಕುದುರೆ ಇಟ್ಟುಕೊಂಡವರಲ್ಲಿ ಹೆಚ್ಚಿನವರಿಗೆ ಅದನ್ನು ಮನೆಯ ಬಳಿಯೇ ಕಟ್ಟಿಕೊಳ್ಳುವಷ್ಟು ಜಾಗವಿರುವುದಿಲ್ಲ. ತಿಂಗಳಿಗಿಷ್ಟು ಎಂದು ಹಣ ಕೊಟ್ಟು ರೈಡಿಂಗ್ ಸ್ಕೂಲಿನ ಲಾಯದಲ್ಲೋ ಊರಾಚೆಯ ತೋಟವೊಂದರಲ್ಲೋ ಬಿಟ್ಟು, ಬಿಡುವಾದಾಗ ಹೋಗಿ ಸವಾರಿ ಮಾಡಿ ಬರುವುದು ರೂಢಿ. ಮೇವು ಕೆಟ್ಟಿತೆಂದೋ, ಕುದುರೆಯನ್ನು ನೋಡಿಕೊಳ್ಳುವ ನೆಚ್ಚಿನ ಆಳು, ಅಂದರೆ ಸೈಸ್, ಕೆಲಸ ಬಿಟ್ಟರೆಂದೋ, ತಿಂಗಳ ಹಣ ಏರಿತೆಂದೋ, ಇಲ್ಲವೇ ಬೇರೊಂದು ಕಡೆ ಹೊಸ ಲಾಯ ಚೆನ್ನಾಗಿದೆ ಎಂಬ ಮಾತು ಕಿವಿಗೆ ಬಿತ್ತೆಂದೋ, ಕುದುರೆಗಳನ್ನು ಅಲ್ಲಿಗೆ ಸಾಗಿಸೋಣವೇ ಎಂಬ ಪ್ರಶ್ನೆ ಒಂದಲ್ಲ ಒಂದು ದಿನ ಮಾಲೀಕರ ಮುಂದೆ ಬಂದು ನಿಲ್ಲುತ್ತದೆ. ಆ ಪ್ರಶ್ನೆಯನ್ನು ಹೇಗೆ ತೂಗಬೇಕು, ಎರಡು ಲಾಯಗಳನ್ನು ಪಕ್ಕಪಕ್ಕ ಇಟ್ಟು ನೋಡುವಾಗ ಯಾವುದಕ್ಕೆ ಹೆಚ್ಚು ಬೆಲೆ ಕೊಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಮಾಡಬೇಕಾದ ಕೆಲಸವೆಂದರೆ ಈಗಿನ ಲಾಯದ ಬಗ್ಗೆ ನಿಮಗಿರುವ ದೂರುಗಳನ್ನು ಎರಡು ಗುಂಪಾಗಿ ಬೇರ್ಪಡಿಸುವುದು. ಮಾತಿನಿಂದ ಅಥವಾ ಸ್ವಲ್ಪ ಹೆಚ್ಚಿನ ಹಣದಿಂದ ಸರಿಹೋಗುವ ದೂರುಗಳು ಒಂದು ಗುಂಪು: ಹಾಸಿಗೆಯ ಹೊಟ್ಟು ಕಡಿಮೆ, ರಾತ್ರಿಯ ಮೇವು ಹಾಕುವುದು ತಡ, ಬಕೆಟ್ ತೊಳೆಯುವುದಿಲ್ಲ, ಲಾಳ ಕಟ್ಟುವವರನ್ನು ಕರೆಸುವುದು ತಡವಾಗುತ್ತದೆ ಎಂಬಂಥವು. ನೆಲದಲ್ಲಿ, ನೀರಿನಲ್ಲಿ, ಜಾಗದ ಅಳತೆಯಲ್ಲಿ, ನಡೆಸುವವರ ಮನೋಭಾವದಲ್ಲಿ ಬೇರೂರಿರುವ ದೂರುಗಳು ಇನ್ನೊಂದು ಗುಂಪು: ಮಳೆಗಾಲದುದ್ದಕ್ಕೂ ಅಂಗಳದಲ್ಲಿ ನೀರು ನಿಲ್ಲುತ್ತದೆ, ಕುದುರೆಯನ್ನು ಬಿಡಲು ಬಯಲೇ ಇಲ್ಲ, ಹೊಟ್ಟೆನೋವು ಬಂದಾಗ ಮಾಲೀಕರಿಗೆ ತಿಳಿಸದೆ ಮನೆಮದ್ದು ಕುಡಿಸುತ್ತಾರೆ ಎಂಬಂಥವು. ಮೊದಲ ಗುಂಪಿನವು ಎಷ್ಟೇ ಇದ್ದರೂ ಅವುಗಳಿಗಾಗಿ ಲಾಯ ಬದಲಿಸುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡನೆಯ ಗುಂಪಿನದು ಒಂದೇ ಇದ್ದರೂ, ಅದು ಕುದುರೆಯ ಆರೋಗ್ಯಕ್ಕೆ ಸಂಬಂಧಿಸಿದ್ದರೆ, ಹೊರಡುವುದೇ ಸರಿ. ಸ್ಥಳ ಬದಲಾವಣೆಯಿಂದ ಕುದುರೆಗೆ ಬೀಳುವ ಪೆಟ್ಟು ಸಣ್ಣದಲ್ಲವಾದ್ದರಿಂದ ಈ ವಿಂಗಡಣೆ ಅಗತ್ಯ. ಪ್ರಯಾಣ, ಹೊಸ ಮೇವು, ಜೊತೆಗಾರ ಕುದುರೆಯ ಅಗಲಿಕೆ ಮೂರೂ ಒಟ್ಟಿಗೆ ಬಂದಾಗ ಕೆಲವೇ ದಿನಗಳಲ್ಲಿ ಜಠರದ ಹುಣ್ಣು ಕಾಣಿಸಿಕೊಳ್ಳಬಹುದು. ಮೇವು ಹಠಾತ್ತನೆ ಬದಲಾದುದರಿಂದ ಬರುವ ಹೊಟ್ಟೆನೋವಂತೂ ಕುದುರೆಯ ಪ್ರಾಣಕ್ಕೇ ಸಂಚಕಾರ ತರಬಲ್ಲದು.

ಸುತ್ತಮುತ್ತ ಇರುವ ಮೂರು ಬಗೆಯ ಜಾಗಗಳು

ನಗರಕ್ಕೆ ಅಂಟಿಕೊಂಡ ಲಾಯಗಳದು ಮೊದಲ ಬಗೆ. ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ರೇಸ್ ಕೋರ್ಸ್ ಇರುವುದರಿಂದಲೂ, ಅಶ್ವಾರೋಹಿ ಪೊಲೀಸ್ ದಳ ಮೈಸೂರಿನಲ್ಲೇ ಇರುವುದರಿಂದಲೂ, ಟಾಂಗಾಗಳು ಇನ್ನೂ ಪೂರ್ತಿ ಮರೆಯಾಗಿಲ್ಲದಿರುವುದರಿಂದಲೂ, ಕುದುರೆಯನ್ನು ಬಲ್ಲ ಸೈಸ್‌ಗಳು, ಲಾಳ ಕಟ್ಟುವವರು, ಕುದುರೆಯ ಚಿಕಿತ್ಸೆಯಲ್ಲಿ ಕೈ ಪಳಗಿದ ಪಶುವೈದ್ಯರು ಈ ನಗರದಲ್ಲಿ ಸಿಗುವಷ್ಟು ಸುಲಭವಾಗಿ ಸುತ್ತಲಿನ ತಾಲ್ಲೂಕುಗಳಲ್ಲಿ ಸಿಗುವುದಿಲ್ಲ. ಅಂಥ ಲಾಯಕ್ಕೆ ಇದು ದೊಡ್ಡ ಬಲ. ಜಾಗದ ಇಕ್ಕಟ್ಟು ಅದರ ದೌರ್ಬಲ್ಯ. ದಿನದ ಇಪ್ಪತ್ತೆರಡು ಗಂಟೆ ಗೂಡಿನಲ್ಲೇ ನಿಂತಿರುವ ಕುದುರೆಗಳು ಇಲ್ಲಿ ಅಪರೂಪವಲ್ಲ. ದಸರೆಯ ಮುನ್ನ ಆನೆ, ಕುದುರೆಗಳಿಗೆ ಕುಶಾಲತೋಪಿನ ತಾಲೀಮು ನಡೆಯುವಾಗ ಸದ್ದಿಗೆ ಹಂತಹಂತವಾಗಿ ಒಗ್ಗಿಸುವುದನ್ನು ಎಲ್ಲರೂ ನೋಡಿದ್ದಾರೆ. ಖಾಸಗಿ ಲಾಯದ ಕುದುರೆಗೆ ಅಂಥ ತಾಲೀಮು ಇರುವುದಿಲ್ಲ, ದೀಪಾವಳಿಯ ಪಟಾಕಿ ಮಾತ್ರ ಪಕ್ಕದ ಬೀದಿಯಲ್ಲೇ ಸಿಡಿಯುತ್ತದೆ.

ನಂಜನಗೂಡು, ಹುಣಸೂರು, ಎಚ್.ಡಿ. ಕೋಟೆ ರಸ್ತೆಗಳ ಆಚೀಚಿನ ಕೆಂಪುಮಣ್ಣಿನ ಖುಷ್ಕಿ ಜಮೀನುಗಳಲ್ಲಿ ತೋಟದ ಮನೆಯೊಂದಿಗೆ ಸೇರಿಕೊಂಡಿರುವ ಲಾಯಗಳು ಎರಡನೆಯ ಬಗೆ. ಇಲ್ಲಿ ಬಯಲು ಸಿಗುತ್ತದೆ, ನೆಲ ಬೇಗ ಒಣಗುತ್ತದೆ, ರಾಗಿ ಹುಲ್ಲು ಕೈಗೆಟಕುವಷ್ಟು ಹತ್ತಿರವಿರುತ್ತದೆ. ಬೇಸಿಗೆಯಲ್ಲಿ ನೆಲ ಕಲ್ಲಿನಂತೆ ಬಿರುಸಾಗುವುದರಿಂದ, ರೇಸಿನಿಂದ ನಿವೃತ್ತಿಯಾಗಿ ಸವಾರಿಗೆ ಬಂದ ತೆಳು ಅಂಗಾಲಿನ ಥರೋಬ್ರೆಡ್ ಕುದುರೆಗಳಿಗೆ ಗೊರಸಿನ ನೋವು ಕಾಣಿಸಿಕೊಳ್ಳುವುದುಂಟು. ಕೊಳವೆಬಾವಿ ಕೈಕೊಟ್ಟರೆ ಟ್ಯಾಂಕರ್ ನೀರೇ ಗತಿ.

ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯದ ಕಡೆಯ ನಾಲೆ ನೀರಿನ ಪ್ರದೇಶದ್ದು ಮೂರನೆಯ ಬಗೆ. ವರುಣಾ ನಾಲೆ ಬಂದ ಮೇಲೆ ಮೈಸೂರು, ತಿ. ನರಸೀಪುರ ತಾಲ್ಲೂಕುಗಳ ಹಲವು ಊರುಗಳೂ ಇದೇ ಬಗೆಗೆ ಸೇರಿವೆ. ಇಲ್ಲಿ ವರ್ಷದ ಬಹುಕಾಲ ಹಸಿರು ಮೇವು ಸಿಗುತ್ತದೆ, ಮರದ ನೆರಳಿದೆ, ಬಾಡಿಗೆಯೂ ಸಾಮಾನ್ಯವಾಗಿ ಕಡಿಮೆ. ಮೊದಲ ಸಲ ನೋಡಿದವರ ಕಣ್ಣಿಗೆ ಕುದುರೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲವೆನಿಸುತ್ತದೆ. ಹೋಲಿಕೆ ಮಾಡುವಾಗ ಅತ್ಯಂತ ಎಚ್ಚರ ಬೇಕಾದದ್ದೂ ಇಲ್ಲಿಯೇ. ಹಸಿರು ಕಂಡಲ್ಲೆಲ್ಲ ಕುದುರೆಯ ಮೇವು ಇದೆ ಎಂದು ತಿಳಿಯುವುದು ತಪ್ಪು.

ಮೇವು

ಕುದುರೆಯ ಜಠರ ದೇಹಕ್ಕೆ ಹೋಲಿಸಿದರೆ ಚಿಕ್ಕದು, ಎಂಟರಿಂದ ಹದಿನೈದು ಲೀಟರಿನಷ್ಟು ಮಾತ್ರ. ಅದರಲ್ಲಿ ಆಮ್ಲ ಹಗಲೂ ರಾತ್ರಿ ಸ್ರವಿಸುತ್ತಲೇ ಇರುತ್ತದೆ. ಬಯಲಿನಲ್ಲಿ ಬಿಟ್ಟ ಕುದುರೆ ದಿನಕ್ಕೆ ಹದಿನಾಲ್ಕು ಗಂಟೆಗೂ ಹೆಚ್ಚು ಹೊತ್ತು ಮೇಯುತ್ತದೆ. ದನದಂತೆ ಮೆಲುಕು ಹಾಕಲಾರದು, ತಿಂದದ್ದನ್ನು ವಾಂತಿ ಮಾಡಲೂ ಆರದು. ಆದ್ದರಿಂದ ಒಂದು ಲಾಯ ಒಳ್ಳೆಯದೋ ಅಲ್ಲವೋ ಎಂಬುದನ್ನು ತೀರ್ಮಾನಿಸಲು ನನಗೆ ಒಂದೇ ಪ್ರಶ್ನೆ ಕೇಳುವ ಅವಕಾಶವಿದ್ದರೆ, ಸಂಜೆಯ ಮೇವಿಗೂ ಬೆಳಗಿನ ಮೇವಿಗೂ ನಡುವೆ ಗೊಂತು ಎಷ್ಟು ಗಂಟೆ ಖಾಲಿ ಇರುತ್ತದೆ ಎಂದು ಕೇಳುತ್ತೇನೆ. ಸಂಜೆ ಆರಕ್ಕೆ ಹಾಕಿದ ಹುಲ್ಲು ಎಂಟಕ್ಕೆ ಮುಗಿದು ಬೆಳಿಗ್ಗೆ ಆರರವರೆಗೆ ಏನೂ ಇಲ್ಲದ ಲಾಯಗಳು ಬೇಕಾದಷ್ಟಿವೆ. ಇಟಾಲಿಯನ್ ಜೀನು, ಹೊಳೆಯುವ ಗೂಡು, ಹೂವಿನ ಕುಂಡ ಎಲ್ಲ ಇದ್ದರೂ ಈ ಹತ್ತು ಗಂಟೆಯ ಹಸಿವು ಅವೆಲ್ಲವನ್ನೂ ಅಳಿಸಿಹಾಕುತ್ತದೆ.

ಪ್ರಮಾಣದ ಲೆಕ್ಕ ಹೀಗಿದೆ. ಕುದುರೆಗೆ ದಿನಕ್ಕೆ ತನ್ನ ತೂಕದ ಶೇಕಡಾ 2ರಷ್ಟು ಒಣ ಲೆಕ್ಕದ ಮೇವು ಬೇಕು. ಯಾವ ಕಾರಣಕ್ಕೂ ಅದು ಶೇಕಡಾ 1.5ಕ್ಕಿಂತ ಕೆಳಗೆ ಇಳಿಯಬಾರದು. 450 ಕೆ.ಜಿ. ತೂಕದ ಕುದುರೆಗೆ ಇದು 9 ಕೆ.ಜಿ., ಕನಿಷ್ಠವೆಂದರೆ 7 ಕೆ.ಜಿ.ಗೆ ಹತ್ತಿರ. ಹಸಿ ಮೇವಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಇರುವುದರಿಂದ, "ದಿನಕ್ಕೆ ಇಪ್ಪತ್ತು ಕೆ.ಜಿ. ಹಸಿರು ಮೇವು ಕೊಡುತ್ತೇವೆ ಸರ್" ಎಂದು ನಾಲೆ ಬಯಲಿನ ಲಾಯದವರು ಹೇಳಿದರೆ, ಕೊಡುತ್ತಿರುವುದು ನಾಲ್ಕೈದು ಕೆ.ಜಿ. ಒಣ ಮೇವಿಗೆ ಸಮ ಎಂದು ಲೆಕ್ಕ ಹಾಕಿಕೊಳ್ಳಬೇಕು. ಉಳಿದದ್ದನ್ನು ಒಣ ಹುಲ್ಲಿನಿಂದ ತುಂಬುತ್ತಿದ್ದಾರೆಯೇ, ಇಲ್ಲ ಹುರುಳಿ, ಬೂಸಾಗಳಿಂದ ತುಂಬುತ್ತಿದ್ದಾರೆಯೇ ಎಂಬುದನ್ನು ನೋಡಬೇಕು.

ಮೇವಿನ ಜಾತಿಯನ್ನಂತೂ ವಿಚಾರಿಸಲೇಬೇಕು. ನಮ್ಮ ಕಡೆ ಹಸುಗಳಿಗೆ ಬೆಳೆಯುವ ನೇಪಿಯರ್ ತಳಿಯ ಹುಲ್ಲುಗಳಲ್ಲಿ ಆಕ್ಸಲೇಟ್ ಹೆಚ್ಚು. ಹಸುವಿನ ಹೊಟ್ಟೆ ಅದನ್ನು ಬಹುಮಟ್ಟಿಗೆ ನಿಭಾಯಿಸುತ್ತದೆ. ಕುದುರೆಯ ಹೊಟ್ಟೆಯಲ್ಲಿ ಅದು ಸುಣ್ಣದ ಅಂಶವನ್ನು ಹಿಡಿದಿಟ್ಟು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಅದರ ಜೊತೆಗೆ ಬೂಸಾ ಹೆಚ್ಚಾದರೆ ಕೇಡು ಇಮ್ಮಡಿಸುತ್ತದೆ. ಗೋಧಿ ಬೂಸಾದಲ್ಲಿ ರಂಜಕ (ಫಾಸ್ಫರಸ್) ಸುಣ್ಣಕ್ಕಿಂತ ಹಲವು ಪಟ್ಟು ಹೆಚ್ಚಿರುತ್ತದೆ. ಹೀಗೆ ತಿಂಗಳುಗಟ್ಟಲೆ ನಡೆದರೆ ಕುದುರೆಯ ದೇಹ ತನ್ನ ಮೂಳೆಯಿಂದಲೇ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ: ಕಾರಣ ತಿಳಿಯದ ಕುಂಟು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ, ಮುಖದ ಮೂಳೆ ಎರಡೂ ಬದಿಯಲ್ಲಿ ಉಬ್ಬುತ್ತದೆ, ಹಲ್ಲು ಸಡಿಲವಾಗುತ್ತದೆ. ಹೊಳೆಯುವ ಹಸಿರಿನ ನಡುವೆ ನಿಂತ ಕುದುರೆಗೆ ಈ ಗತಿ ಬರುವುದನ್ನು ಊಹಿಸುವುದೂ ಕಷ್ಟ. ನೇಪಿಯರ್ ಒಂದನ್ನೇ ನೆಚ್ಚಿಕೊಂಡ ಲಾಯಕ್ಕಿಂತ, ಗರಿಕೆ ಹುಲ್ಲನ್ನು ಕೊಯ್ದು ತರಿಸುವ, ಸುಣ್ಣದ ಅಂಶ ಹೆಚ್ಚಿರುವ ಕುದುರೆಮೆಂತೆ ಸೊಪ್ಪನ್ನು ಸ್ವಲ್ಪ ಬೆರೆಸುವ, ಉಳಿದಂತೆ ಒಣ ಹುಲ್ಲನ್ನು ಧಾರಾಳವಾಗಿ ಕೊಡುವ ಲಾಯವನ್ನು ನಾನು ಕಣ್ಣುಮುಚ್ಚಿ ಆರಿಸುತ್ತೇನೆ.

ಒಣ ಹುಲ್ಲಿನಲ್ಲೂ ವ್ಯತ್ಯಾಸವಿದೆ. ಭತ್ತದ ಹುಲ್ಲಿಗಿಂತ ರಾಗಿ ಹುಲ್ಲಿನಲ್ಲಿ ಸತ್ವ ಹೆಚ್ಚು, ಸುಣ್ಣವೂ ಹೆಚ್ಚು. ಖುಷ್ಕಿ ಕಡೆಯ ಲಾಯಗಳಿಗೆ ಇದೊಂದು ನಿಜವಾದ ಅನುಕೂಲ. ಯಾವ ಹುಲ್ಲೇ ಆಗಲಿ, ಮೆದೆಯ ನಡುವಿನಿಂದ ಒಂದು ಹಿಡಿ ಎಳೆದು ಮೂಸಿ ನೋಡಬೇಕು. ಕಟಾವಿನ ಹೊತ್ತಿಗೆ ಮಳೆಗೆ ಸಿಕ್ಕಿ ಬೂಸ್ಟು ಹಿಡಿದ ಹುಲ್ಲು ಕೆಮ್ಮಿಗೂ ದೀರ್ಘಕಾಲದ ಉಬ್ಬಸಕ್ಕೂ ದಾರಿ. ಕಬ್ಬಿನ ಸೋಗೆ ಎತ್ತಿಗೆ ಒಗ್ಗಿದಂತೆ ಕುದುರೆಗೆ ಒಗ್ಗುವುದಿಲ್ಲ. ಹಸಿ ಜೋಳದ ಎಳೆ ಮೇವಿನಲ್ಲಿ ವಿಷಾಂಶವಿರುವುದರಿಂದ ಅದನ್ನು ಕುದುರೆಯಿಂದ ದೂರವಿಡಬೇಕು. ಹುರುಳಿಯನ್ನು ಬೇಯಿಸಿಯೇ ಕೊಡುವ ಹಳೆಯ ಪದ್ಧತಿ ಸರಿಯಾದದ್ದು. ಆದರೆ ಏಪ್ರಿಲ್ ಬಿಸಿಲಿನಲ್ಲಿ ಬೆಳಿಗ್ಗೆ ಬೇಯಿಸಿದ್ದು ಸಂಜೆಗೆ ಹುಳಿಯುತ್ತದೆ. ಎರಡು ಹೊತ್ತಿಗೂ ಒಂದೇ ಹಂಡೆಯಿಂದ ಕೊಡುತ್ತಾರೆಯೇ ಎಂದು ಕೇಳಬೇಕು. ಒಂದು ಹೊತ್ತಿಗೆ ಎರಡು ಕೆ.ಜಿ.ಗಿಂತ ಹೆಚ್ಚು ಧಾನ್ಯ ಹಾಕುವ ಲಾಯದಲ್ಲಿ ಹೊಟ್ಟೆನೋವು ಪದೇಪದೇ ಬರುವುದರಲ್ಲಿ ಆಶ್ಚರ್ಯವಿಲ್ಲ.

ಮಂಡ್ಯ, ಮೈಸೂರುಗಳ ತೋಟಗಳಲ್ಲಿ ಕುದುರೆಯ ಪಕ್ಕದಲ್ಲೇ ಕೋಳಿ ಫಾರಂ ಅಥವಾ ಹಸುಗಳ ಕೊಟ್ಟಿಗೆ ಇರುವುದು ಸಾಮಾನ್ಯವಾದ್ದರಿಂದ ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಕೋಳಿಗಳಿಗೆ ರಕ್ತಭೇದಿ ಬರದಂತೆ ಆಹಾರದಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕುದುರೆಯ ಹೃದಯದ ಸ್ನಾಯುವನ್ನು ನಾಶಮಾಡುತ್ತದೆ. ದೇಹದ ಪ್ರತಿ ಕೆ.ಜಿ. ತೂಕಕ್ಕೆ ಎರಡು ಮೂರು ಮಿಲಿಗ್ರಾಂ ಸಾಕು, ಕುದುರೆ ಸಾಯಬಹುದು; ಇದಕ್ಕೆ ಮದ್ದಿಲ್ಲ. ಕೋಳಿಯ ಆಹಾರದ ಮೂಟೆ, ಹಸುವಿನ ಹಿಂಡಿಯ ಮೂಟೆ, ಕುದುರೆಯ ಧಾನ್ಯ ಮೂರನ್ನೂ ಒಂದೇ ಕೋಣೆಯಲ್ಲಿ ಇಟ್ಟು ಒಂದೇ ಮೊರದಲ್ಲಿ ಅಳೆಯುವ ಜಾಗ ಉಳಿದೆಲ್ಲ ವಿಷಯಗಳಲ್ಲಿ ಎಷ್ಟೇ ಚೆನ್ನಾಗಿದ್ದರೂ ಅಲ್ಲಿಗೆ ಕುದುರೆಯನ್ನು ಕಳುಹಿಸಬಾರದು. ಬೇಲಿಯನ್ನೂ ಗಮನಿಸಿ. ತೋಟದ ಮನೆಗಳ ಅಂಚಿನಲ್ಲಿ ಅಂದಕ್ಕೆಂದು ನೆಟ್ಟ ಕಣಗಿಲೆಯ ಎಲೆಗಳು ಹಿಡಿಯಷ್ಟು ಹೊಟ್ಟೆಗೆ ಹೋದರೂ ಕುದುರೆಗೆ ಮಾರಕ. ಹಸಿ ಎಲೆ ಕಹಿ, ಹಾಗಾಗಿ ಕುದುರೆ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಕತ್ತರಿಸಿ ಬಿದ್ದ, ಒಣಗಿದ ಎಲೆ ಹುಲ್ಲಿನೊಂದಿಗೆ ಬೆರೆತಾಗ ಗೊತ್ತಾಗದೆ ತಿನ್ನುತ್ತದೆ, ಒಣಗಿದರೂ ವಿಷ ಇಳಿಯುವುದಿಲ್ಲ.

ನೀರು, ನೆಲ, ಬಯಲು

ಕೆಲಸವಿಲ್ಲದ ಕುದುರೆಯೂ ದಿನಕ್ಕೆ ಇಪ್ಪತ್ತೈದು ಲೀಟರಿನಷ್ಟು ನೀರು ಕುಡಿಯುತ್ತದೆ. ಬಿಸಿಲಿನಲ್ಲಿ ದುಡಿದ ದಿನ ಅದು ದುಪ್ಪಟ್ಟಾಗಬಹುದು. ಹೊತ್ತಿಗೊಮ್ಮೆ ಬಕೆಟ್ ತೋರಿಸುವ ಲಾಯಕ್ಕೂ ಸದಾ ತೊಟ್ಟಿಯಲ್ಲಿ ನೀರಿರುವ ಲಾಯಕ್ಕೂ ಬಹಳ ಅಂತರವಿದೆ. ನಗರದ ನಲ್ಲಿ ನೀರಿಗೆ ಒಗ್ಗಿದ ಕುದುರೆ ಕೊಳವೆಬಾವಿಯ ಗಡಸು ನೀರನ್ನು ಮೂಸಿ ಮುಖ ತಿರುಗಿಸುವುದುಂಟು. ನೀರು ಕಡಿಮೆಯಾದರೆ ಒಣ ಮೇವು ಕರುಳಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ.

ನೆಲವನ್ನು ಮಳೆಯ ಮರುದಿನ ನೋಡಬೇಕು. ಮೈಸೂರಿನಲ್ಲಿ ಮೇ ತಿಂಗಳಲ್ಲೂ ಸೆಪ್ಟೆಂಬರ್–ಅಕ್ಟೋಬರ್‌ನಲ್ಲೂ ಜೋರು ಮಳೆಯಾಗುತ್ತದೆ; ಜನವರಿಯ ಭೇಟಿಯಲ್ಲಿ ಕಂಡ ಒಣ ಅಂಗಳ ಏನನ್ನೂ ಹೇಳುವುದಿಲ್ಲ. ನಾಲೆ ಬಯಲಿನಲ್ಲಿ ಗದ್ದೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ಒಂದು ಸಲ ಹೋಗಿ ಬನ್ನಿ. ಸದಾ ಒದ್ದೆಯಲ್ಲಿ ನಿಂತ ಗೊರಸಿನ ತಳ ಕೊಳೆತು ಕೆಟ್ಟ ವಾಸನೆ ಬರಲಾರಂಭಿಸುತ್ತದೆ. ಅಲ್ಲಿರುವ ಯಾವುದಾದರೂ ಕುದುರೆಯ ಕಾಲೆತ್ತಿ ತೋರಿಸಲು ಸೈಸ್ ಅವರನ್ನು ವಿನಯದಿಂದ ಕೇಳಿ. ಆ ಒಂದು ಗೊರಸಿನಿಂದ ನೆಲದ ಸ್ಥಿತಿಯೂ ಆರೈಕೆಯ ಗುಣವೂ ಒಟ್ಟಿಗೆ ತಿಳಿಯುತ್ತವೆ.

ಗೂಡಿನ ಅಳತೆ ಹನ್ನೆರಡು ಅಡಿಗೆ ಹನ್ನೆರಡು ಅಡಿ ಇದ್ದರೆ ದೊಡ್ಡ ಕುದುರೆ ಮಲಗಿ ಏಳಲು ಸಾಕು. ಗಾಳಿ ಆಡಬೇಕು, ಒಳಗೆ ಕಾಲಿಟ್ಟಾಗ ಮೂತ್ರದ ಘಾಟು ಕಣ್ಣಿಗೆ ತಾಗಬಾರದು. ತಗಡಿನ ಮಾಡು ತಗ್ಗಿದ್ದರೆ ಮಾರ್ಚಿನಿಂದ ಮೇವರೆಗೆ ಒಳಗೆ ಬೇಯುತ್ತದೆ. ಆದರೆ ಗೂಡಿಗಿಂತ ಬಯಲು ಮುಖ್ಯವೆಂದು ನಾನು ನಂಬುತ್ತೇನೆ. ದಿನಕ್ಕೆ ಕೆಲವು ಗಂಟೆಯಾದರೂ ಇನ್ನೊಂದು ಕುದುರೆಯ ಜೊತೆ, ಲಗಾಮಿಲ್ಲದೆ, ತಲೆ ತಗ್ಗಿಸಿ ಓಡಾಡುವ ಅವಕಾಶವಿದ್ದ ಕುದುರೆ ಕೊರಳು ತೂಗುವುದು, ಕಟ್ಟೆ ಕಚ್ಚಿ ಗಾಳಿ ನುಂಗುವುದು ಮುಂತಾದ ಚಟಗಳಿಗೆ ಬೀಳುವುದು ಕಡಿಮೆ. ನೋಡಲು ಹೋದ ಲಾಯದಲ್ಲಿ ಇಂಥ ಚಟ ಹಿಡಿದ ಕುದುರೆಗಳು ಸಾಲಾಗಿ ಕಂಡರೆ, ಅಲ್ಲಿನ ದಿನಚರಿಯ ಬಗ್ಗೆ ಬೇರೆ ಸಾಕ್ಷ್ಯ ಬೇಕಾಗುವುದಿಲ್ಲ. ಹಳ್ಳಿಯ ಬಯಲಿಗೆ ತನ್ನದೇ ಅಪಾಯವಿದೆ. ಕಬ್ಬಿನ ಗದ್ದೆಗಳಲ್ಲಿ ಚಿರತೆ ಅಡಗಿರುವುದು ಈ ಎರಡೂ ಜಿಲ್ಲೆಗಳಿಗೆ ಹೊಸದಲ್ಲ, 2022–23ರಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆಯ ದಾಳಿಗೆ ಮನುಷ್ಯರೇ ಪ್ರಾಣ ಕಳೆದುಕೊಂಡರು. ಮರಿಯೋ ಪೋನಿಯೋ ಇದ್ದರೆ ರಾತ್ರಿ ಭದ್ರವಾದ ಬಾಗಿಲಿನ ಒಳಗೆ ಕಟ್ಟುತ್ತಾರೆಯೇ ಎಂದು ತಿಳಿದುಕೊಳ್ಳಬೇಕು. ಬೀದಿನಾಯಿಗಳ ಕಾರಣಕ್ಕೆ, ಊರಲ್ಲಾಗಲಿ ಹಳ್ಳಿಯಲ್ಲಾಗಲಿ, ಕುದುರೆಗೆ ಧನುರ್ವಾಯುವಿನ ಲಸಿಕೆಯ ಜೊತೆಗೆ ರೇಬೀಸ್ ಲಸಿಕೆಯನ್ನೂ ಹಾಕಿಸುವುದು ಒಳ್ಳೆಯದು. ಕಬ್ಬು ಅರೆಯುವ ಕಾಲದಲ್ಲಿ ಟ್ರಾಕ್ಟರುಗಳು ಸಾಲುಗಟ್ಟುವ ರಸ್ತೆಯ ಪಕ್ಕದಲ್ಲಿ ಲಾಯವಿದ್ದರೆ ಹೊರಗಿನ ಸವಾರಿಯ ಆಸೆಯನ್ನು ಆ ತಿಂಗಳುಗಳಲ್ಲಿ ಬಿಟ್ಟೇಬಿಡಬೇಕು.

ಜನ

ಒಂದು ಲಾಯದಿಂದ ಇನ್ನೊಂದಕ್ಕೆ ಹೋಗುವಾಗ ನಾವು ನಿಜವಾಗಿ ಬದಲಿಸುವುದು ಸೈಸ್ ಅವರನ್ನು. ರಾತ್ರಿ ಕುದುರೆಯ ಹತ್ತಿರ ಮಲಗುವವರು ಯಾರು, ಒಬ್ಬರ ಕೈಕೆಳಗೆ ಎಷ್ಟು ಕುದುರೆಗಳಿವೆ, ಅವರು ಆ ಲಾಯದಲ್ಲಿ ಎಷ್ಟು ಕಾಲದಿಂದ ಇದ್ದಾರೆ, ಅವರ ಸಂಬಳ ತಿಂಗಳಿಗೆ ಸರಿಯಾಗಿ ಕೈಸೇರುತ್ತದೆಯೇ ಎಂಬ ನಾಲ್ಕು ಸಂಗತಿಗಳನ್ನು ಮಾಲೀಕರಿಂದಲ್ಲದೆ ಸೈಸ್‌ಗಳಿಂದಲೇ, ಚಹಾ ಕುಡಿಯುತ್ತ ನಿಧಾನವಾಗಿ ಕೇಳಿ ತಿಳಿಯಬೇಕು. "ಅಣ್ಣಾ, ಹೋದ ವರ್ಷ ಇಲ್ಲಿ ಎಷ್ಟು ಕುದುರೆಗೆ ಹೊಟ್ಟೆನೋವು ಬಂತು?" ಎಂಬ ನೇರ ಪ್ರಶ್ನೆಗೆ ಅವರು ಕೊಡುವ ಉತ್ತರಕ್ಕಿಂತ ಅಮೂಲ್ಯವಾದ ಮಾಹಿತಿ ಬೇರೆಲ್ಲೂ ಸಿಗದು. ಐದಾರು ಕುದುರೆಗೆ ಒಬ್ಬರಂತೆ ಇದ್ದರೆ ನಿಭಾಯಿಸಬಹುದು. ಹತ್ತು ಹನ್ನೆರಡಾದರೆ ಲದ್ದಿ ಎತ್ತುವುದರಲ್ಲೇ ದಿನ ಕಳೆಯುತ್ತದೆ, ಕುದುರೆ ಮೇವು ಬಿಟ್ಟಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ವೈದ್ಯರ ವಿಷಯದಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯದೆ ಗಂಟೆಯಲ್ಲಿ ಅಳೆಯಬೇಕು. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಸುಮಾರು 15 ಕಿ.ಮೀ., ಮಂಡ್ಯಕ್ಕೆ ಸುಮಾರು 45 ಕಿ.ಮೀ. ಮಧ್ಯರಾತ್ರಿಯ ಹೊಟ್ಟೆನೋವಿನಲ್ಲಿ ಕುದುರೆಯ ವೈದ್ಯರು ಮೈಸೂರಿನಿಂದಲೇ ಹೊರಡಬೇಕಾದರೆ, ಹೆದ್ದಾರಿ ಬಿಟ್ಟು ಹಳ್ಳಿಯ ದಾರಿ ಹಿಡಿದು ತಲುಪುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿರುತ್ತದೆ. ಆ ಹೊತ್ತಿನಲ್ಲಿ ಚಿಕಿತ್ಸೆಗೆ ಒಪ್ಪಿಗೆ ಕೊಡುವವರು ಯಾರು, ಖರ್ಚು ಯಾರದು ಎಂಬುದು ಮೊದಲೇ ಬರೆದಿಟ್ಟಿರಬೇಕು. ಲಾಳ ಕಟ್ಟುವವರು ಆರರಿಂದ ಎಂಟು ವಾರಕ್ಕೊಮ್ಮೆ ತಪ್ಪದೆ ಬರಬೇಕು. ಹಳ್ಳಿಯ ಲಾಯದಲ್ಲಿ ಒಂದೆರಡು ಕುದುರೆಗಾಗಿ ಅವರು ಅಷ್ಟು ದೂರ ಬರಲು ಒಪ್ಪುವುದಿಲ್ಲ. ನಾಲ್ಕೈದು ಮಾಲೀಕರು ಒಂದೇ ದಿನ ಗೊತ್ತುಮಾಡಿಕೊಂಡರೆ ಒಪ್ಪುತ್ತಾರೆ.

ಹಣದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ತಿಂಗಳ ಮೊತ್ತವನ್ನಷ್ಟೇ ಹೋಲಿಸದೆ, ಅದರಲ್ಲಿ ಮೇವು, ಧಾನ್ಯ, ಹಾಸಿಗೆ, ಲಾಳ, ಜಂತುಹುಳದ ಔಷಧ, ಸವಾರಿ ತಾಲೀಮು ಯಾವ್ಯಾವುದು ಸೇರಿದೆ ಎಂಬುದನ್ನು ಬಿಡಿಸಿ ಕೇಳಿ, ನಿಮ್ಮ ಓಡಾಟದ ಪೆಟ್ರೋಲನ್ನೂ ಸೇರಿಸಿ ನೋಡಿದರೆ, ಅಗ್ಗವೆಂದು ಕಂಡ ದೂರದ ಲಾಯ ಅಷ್ಟೇನೂ ಅಗ್ಗವಲ್ಲವೆಂದು ತಿಳಿಯುವುದು ಹೆಚ್ಚು. ದೂರ ಹೆಚ್ಚಾದಷ್ಟೂ ನೀವು ಹೋಗುವುದು ಕಡಿಮೆಯಾಗುತ್ತದೆ. ಮಾಲೀಕರು ವಾರಕ್ಕೆ ನಾಲ್ಕು ಸಲ ಬರುವ ಸಾಧಾರಣ ಲಾಯ, ತಿಂಗಳಿಗೊಮ್ಮೆ ಬರುವ ಉತ್ತಮ ಲಾಯಕ್ಕಿಂತ ಕುದುರೆಗೆ ಹಿತ.

ರೋಗದ ಲೆಕ್ಕ

ಹೊಸ ಕುದುರೆ ಬಂದಾಗ ಎರಡು ಮೂರು ವಾರ ಬೇರೆ ಕಟ್ಟುವ ಪದ್ಧತಿ ಇರುವ ಲಾಯವನ್ನು ಆರಿಸಿ. ನಿಮ್ಮ ಕುದುರೆಗಳನ್ನೂ ಹಾಗೆ ಬೇರೆ ಇಡುತ್ತೇವೆ ಎಂದರೆ ಬೇಸರಪಡದೆ ಸಂತೋಷಪಡಿ. ಮುಂದೆ ಬರುವ ಕುದುರೆಗಳಿಂದ ನಿಮ್ಮವನ್ನು ಕಾಯುವುದೂ ಅದೇ ನಿಯಮ. ದವಡೆಯ ಕೆಳಗಿನ ಗ್ರಂಥಿ ಊದಿ ಕೀವಾಗುವ ಸ್ಟ್ರಾಂಗಲ್ಸ್ ರೋಗ ಸೋಂಕಿದ ಮೂರರಿಂದ ಹದಿನಾಲ್ಕು ದಿನಗಳಲ್ಲಿ ಹೊರಬೀಳುತ್ತದೆ. ಕುದುರೆಗಳ ಇನ್‌ಫ್ಲುಯೆಂಜಾ ಇನ್ನೂ ವೇಗವಾಗಿ ಹರಡುತ್ತದೆ. 2008–09ರಲ್ಲಿ ಅದು ದೇಶದ ಹಲವು ರಾಜ್ಯಗಳಲ್ಲಿ ಹಬ್ಬಿತ್ತು. ಗ್ಲ್ಯಾಂಡರ್ಸ್ ಮನುಷ್ಯರಿಗೂ ಅಂಟುವ ರೋಗ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆಗೆ 2009ರಲ್ಲಿ ಬಂದ ಕೇಂದ್ರ ಕಾಯ್ದೆಯ ಪ್ರಕಾರ ಅದನ್ನು ಸರ್ಕಾರಕ್ಕೆ ತಿಳಿಸಲೇಬೇಕು, ರೋಗ ಖಚಿತವಾದ ಕುದುರೆಗೆ ದಯಾಮರಣ ಕೊಡಲಾಗುತ್ತದೆ. ಇದರ ರಕ್ತಪರೀಕ್ಷೆಯಲ್ಲಿ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ದೇಶದ ಪ್ರಮುಖ ಪ್ರಯೋಗಾಲಯ. ಪರೀಕ್ಷೆಯ ವರದಿ ಇಲ್ಲದೆ ಯಾವ ಕುದುರೆಯನ್ನಾದರೂ ಸೇರಿಸಿಕೊಳ್ಳುವ ಲಾಯ ನಿಮಗೆ ತೋರಿಸುವ ಸೌಜನ್ಯವನ್ನು ರೋಗಿ ಕುದುರೆಯ ಮಾಲೀಕರಿಗೂ ತೋರಿಸಿರುತ್ತದೆ.

ಹಸು, ಎಮ್ಮೆಗಳ ಕೊಟ್ಟಿಗೆಗೆ ಅಂಟಿಕೊಂಡ ಲಾಯದಲ್ಲಿ ಸರ್ರಾ ಎಂಬ ರೋಗದ ಭಯ ಹೆಚ್ಚು. ದೊಡ್ಡ ಕಚ್ಚುವ ನೊಣಗಳು ರಕ್ತದಿಂದ ರಕ್ತಕ್ಕೆ ಸಾಗಿಸುವ ಈ ಪರಾವಲಂಬಿಯನ್ನು ಎಮ್ಮೆ, ದನಗಳು ಹೊರಗೆ ಏನೂ ತೋರಗೊಡದೆ ಹೊತ್ತಿರಬಲ್ಲವು. ಕುದುರೆಗೆ ಮಾತ್ರ ಬಿಟ್ಟು ಬಿಟ್ಟು ಜ್ವರ ಬಂದು, ಚೆನ್ನಾಗಿ ತಿನ್ನುತ್ತಿದ್ದರೂ ಸೊರಗಿ, ಹೊಟ್ಟೆಯ ಕೆಳಗೆ ಬಾವು ಕಾಣಿಸುತ್ತದೆ. ಮಳೆಗಾಲದಲ್ಲೂ ಅದರ ನಂತರವೂ ನೊಣ ಹೆಚ್ಚುವ ನಾಲೆ ಬಯಲಿನಲ್ಲಿ ಜಾಲರಿ, ಹೊಗೆ, ಲದ್ದಿಯ ವಿಲೇವಾರಿ ಹೇಗಿದೆ ಎಂಬುದು ಹೋಲಿಕೆಯ ಮುಖ್ಯ ಅಂಶವಾಗಬೇಕು.

ಸಾಗಿಸುವುದೆಂದು ತೀರ್ಮಾನವಾದರೆ

ಎರಡು ಕುದುರೆಗಳಿದ್ದರೆ ಎರಡನ್ನೂ ಒಟ್ಟಿಗೆ ಸಾಗಿಸಿ. ಒಂದನ್ನು ಮೊದಲು ಕಳುಹಿಸಿ ನೋಡೋಣ ಎಂಬುದು ಜಾಣತನದಂತೆ ಕಂಡರೂ, ಒಟ್ಟಿಗೆ ಬೆಳೆದ ಜೋಡಿಯನ್ನು ಅಗಲಿಸಿದರೆ ಎರಡೂ ಮೇವು ಬಿಡುತ್ತವೆ, ಹೊಸ ಜಾಗದ ಗುಣದೋಷ ಆ ಸಂಕಟದಲ್ಲಿ ಮುಚ್ಚಿಹೋಗುತ್ತದೆ. ಇಪ್ಪತ್ತು ದಾಟಿದ ಮುದಿ ಕುದುರೆ ಈಗಿನ ಜಾಗದಲ್ಲಿ ನೆಮ್ಮದಿಯಾಗಿದ್ದರೆ, ಆರೋಗ್ಯದ ಕಾರಣವಿಲ್ಲದೆ ಅದನ್ನು ಅಲ್ಲಾಡಿಸದಿರುವುದು ಮೇಲು. ದಸರೆ, ದೀಪಾವಳಿಗಳ ಗದ್ದಲವನ್ನೂ ಏಪ್ರಿಲ್‌ನ ಬಿಸಿಲನ್ನೂ ಬಿಟ್ಟು, ನವೆಂಬರ್ ಕೊನೆಯಿಂದ ಫೆಬ್ರವರಿಯೊಳಗಿನ ಒಂದು ಬೆಳಿಗ್ಗೆಯನ್ನು ಗೊತ್ತುಮಾಡಬಹುದು. 1978ರ ಪ್ರಾಣಿ ಸಾಗಣೆ ನಿಯಮಗಳಂತೆ, ಕುದುರೆ ಪ್ರಯಾಣಕ್ಕೆ ಯೋಗ್ಯವಾಗಿದೆ ಎಂಬ ಪಶುವೈದ್ಯರ ಪ್ರಮಾಣಪತ್ರ ಜೊತೆಗಿರಬೇಕು.

ಹಳೆಯ ಲಾಯದಿಂದ ಹತ್ತು ಹದಿನೈದು ದಿನಕ್ಕಾಗುವಷ್ಟು ಹುಲ್ಲು, ಧಾನ್ಯಗಳನ್ನು ಕೊಂಡು ಜೊತೆಗೆ ಒಯ್ಯಿರಿ. ಮೊದಲ ದಿನಗಳಲ್ಲಿ ಹಳೆಯದೇ ಹೆಚ್ಚಿರಲಿ, ಹೊಸದನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸಿ ಎರಡು ವಾರದಲ್ಲಿ ಪೂರ್ತಿ ಬದಲಾಯಿಸಿ. ಹಳೆಯ ಲಾಯದ ಒಂದೆರಡು ಕ್ಯಾನ್ ನೀರೂ ಉಪಯೋಗಕ್ಕೆ ಬರುತ್ತದೆ. ಹೊಸ ಕುದುರೆಗಳ ಪರಿಚಯ ಮೊದಲು ಬೇಲಿಯ ಆಚೀಚೆಯಿಂದ ಆಗಲಿ. ಬೇರೆ ಕಟ್ಟಿರುವ ವಾರಗಳಲ್ಲಿ ದಿನಕ್ಕೆರಡು ಸಲ ಜ್ವರ ನೋಡಿ ಪುಸ್ತಕದಲ್ಲಿ ಬರೆಯಬೇಕು, 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸಹಜ, ಅದಕ್ಕಿಂತ ಮೇಲೇರಿದರೆ ವೈದ್ಯರಿಗೆ ತಿಳಿಸಬೇಕು.

ಹೊರಡುವ ದಿನವೇ ಕುದುರೆಯ ತೂಕವನ್ನು ಟೇಪಿನಿಂದ ಅಂದಾಜು ಮಾಡಿಡಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮೊನೆಯಿಂದ ಪೃಷ್ಠದ ಮೊನೆಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ಅಳೆದು, ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕೆ.ಜಿ. ಲೆಕ್ಕದಲ್ಲಿ ತೂಕ ಸಿಗುತ್ತದೆ: ಸುತ್ತಳತೆ 180, ಉದ್ದ 160 ಇದ್ದರೆ ಸುಮಾರು 436 ಕೆ.ಜಿ. ಇದೇ ಅಳತೆಯನ್ನು ಹೊಸ ಲಾಯದಲ್ಲಿ ಪ್ರತಿ ಎರಡು ವಾರಕ್ಕೊಮ್ಮೆ, ಅದೇ ಹೊತ್ತಿನಲ್ಲಿ, ಅದೇ ಕೈಯಿಂದ ತೆಗೆದುಕೊಳ್ಳಿ. ಮೊದಲ ಹದಿನೈದು ದಿನ ಸ್ವಲ್ಪ ಇಳಿಯುವುದು ಸಹಜ. ಎರಡನೆಯ ತಿಂಗಳಿನಲ್ಲೂ ಇಳಿಯುತ್ತಲೇ ಇದ್ದರೆ ಮೇವಿನ ಪ್ರಮಾಣ, ಹಲ್ಲು, ಜಂತುಹುಳ, ಸರ್ರಾ ಈ ನಾಲ್ಕನ್ನೂ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಹಳೆಯ ಲಾಯದವರೊಂದಿಗೆ ಬಾಕಿ ತೀರಿಸಿ, ಒಳ್ಳೆಯ ಮಾತಿನಲ್ಲೇ ಬೀಳ್ಕೊಂಡು ಬಂದಿದ್ದರೆ, ಅಗತ್ಯ ಬಿದ್ದಾಗ ಆ ಗೂಡು ಮತ್ತೆ ಸಿಗುವ ಸಾಧ್ಯತೆಯೂ ಉಳಿದಿರುತ್ತದೆ.